ಹಾಸನದಲ್ಲಿ ಬಾಡಿಗೆ ಮನೆ: ಏರಿಯಾ ಆಮೇಲೆ, ಮೊದಲು ಸಂಪು ನೋಡಿ

ವರ್ಗವಾಗಿಯೋ ಕೆಲಸ ಬದಲಾಯಿಸಿಯೋ ಸಂಸಾರ ಸಮೇತ ಹಾಸನಕ್ಕೆ ಬರುವವರು ಮೊದಲು ಕೇಳುವುದು "ಯಾವ ಏರಿಯಾ ಒಳ್ಳೆಯದು?" ಅಂತ. ಬೆಂಗಳೂರಿನಿಂದ ಬರುವವರಿಗಂತೂ ಅದು ಸಹಜವಾದ ಪ್ರಶ್ನೆ. ಅಲ್ಲಿ ಏರಿಯಾ ತಪ್ಪಿದರೆ ಅರ್ಧ ಆಯಸ್ಸು ರಸ್ತೆಯಲ್ಲೇ ಹೋಗುತ್ತದೆ. ಹಾಸನಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಎನ್.ಆರ್. ವೃತ್ತದಿಂದ ಯಾವ ದಿಕ್ಕಿಗೆ ಸ್ಕೂಟರ್ ತಿರುಗಿಸಿದರೂ ಸ್ವಲ್ಪ ಹೊತ್ತಿನಲ್ಲೇ ಊರು ಮುಗಿದು ಹೊಲ ಕಾಣಿಸುತ್ತದೆ. ಇಲ್ಲಿ ಬಾಡಿಗೆದಾರರನ್ನು ಹೈರಾಣ ಮಾಡುವುದು ಎರಡೇ ಎರಡು: ನೀರು ಮತ್ತು ಶೀತ, ಅಂದರೆ ಗೋಡೆ ಹಿಡಿಯುವ ತೇವ. ಈ ಎರಡರಲ್ಲಿ ಗಟ್ಟಿಯಾಗಿರುವ ಮನೆ ಯಾವ ಬಡಾವಣೆಯಲ್ಲಿದ್ದರೂ ಒಳ್ಳೆಯ ಮನೆ. ಈ ಎರಡರಲ್ಲಿ ಸೋತ ಮನೆಗೆ ಗ್ರಾನೈಟ್ ನೆಲ, ಮಾಡ್ಯುಲರ್ ಕಿಚನ್ ಇದ್ದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಲಾರಿ ಹುಡುಕಬೇಕಾಗುತ್ತದೆ.

ಹಾಸನದ ಬಾಡಿಗೆ ಮನೆಗಳು, ಅವನ್ನು ಹುಡುಕುವ ದಾರಿಗಳು, ಕರಾರು, ಭೋಗ್ಯ ಎಲ್ಲವನ್ನೂ ಈ ದೃಷ್ಟಿಯಿಂದಲೇ ಇಲ್ಲಿ ಅಳೆದಿದ್ದೇವೆ.

ನೀರು

ನಗರದ ನಲ್ಲಿಗೆ ಬರುವುದು ಗೊರೂರಿನ ಹೇಮಾವತಿ ನೀರು. ಒಳ್ಳೆಯ ನೀರು, ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಕೊಡುತ್ತದೆ. ತೊಂದರೆ ಇರುವುದು ಸರದಿಯಲ್ಲಿ. ನೀರನ್ನು ಬಡಾವಣೆವಾರು ಪಾಳಿಯಂತೆ ಬಿಡುತ್ತಾರೆ. ಪಂಪ್‌ಹೌಸಿನಲ್ಲಿ ಕರೆಂಟ್ ಹೋದರೆ, ದಾರಿಯಲ್ಲಿ ಪೈಪು ಒಡೆದರೆ, ಪಾಳಿ ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ. ಆ ದಿನಗಳನ್ನು ನಿಮ್ಮ ಸಂಪು ತಡೆದುಕೊಳ್ಳುತ್ತದೆಯೇ ಎಂಬುದೇ ಪ್ರಶ್ನೆ.

ಇದಕ್ಕೆ ಲೆಕ್ಕವಿದೆ. ಒಳಚರಂಡಿ ಇರುವ ನಗರಗಳಿಗೆ ಸರ್ಕಾರಿ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು. ನೀರು ನಾಲ್ಕು ದಿನಕ್ಕೊಮ್ಮೆ ಬರುವ ಬೀದಿಯಾದರೆ 2,160 ಲೀಟರ್ ಬೇಕು. ಒಂದು ಪಾಳಿ ತಪ್ಪಿ ಏಳನೆಯ ದಿನಕ್ಕೆ ಬಂತು ಅಂದರೆ 3,780. ಅಂದರೆ ಒಂದು ಮನೆಗೆ ಸುಮಾರು 4,000 ಲೀಟರ್ ಸಂಗ್ರಹ ಇದ್ದರೆ ನೆಮ್ಮದಿ.

"ಸಂಪು ದೊಡ್ಡದಿದೆ ಸಾರ್" ಎಂಬ ಮಾತನ್ನು ನಂಬಿ ಬರಬೇಡಿ. ಮುಚ್ಚಳ ತೆಗೆಸಿ, ಟೇಪು ಇಳಿಬಿಟ್ಟು ಅಳೆಯಿರಿ. ಉದ್ದ, ಅಗಲ, ಆಳ ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪು 150 ಘನ ಅಡಿ, ಅಂದರೆ ಸುಮಾರು 4,250 ಲೀಟರ್. ಆದರೆ ಅದರಲ್ಲಿ ಅಷ್ಟೂ ನೀರು ನಿಮಗೆ ಸಿಗುವುದಿಲ್ಲ. ಮೋಟಾರಿಗೆ ನೀರು ಎಳೆಯುವ ಫುಟ್ ವಾಲ್ವ್ ತಳದಿಂದ ಮೇಲಿರುತ್ತದೆ, ಮೇಲ್ಗಡೆ ಪೈಪಿನ ಬಾಯಿಯವರೆಗೆ ತುಂಬುವುದಿಲ್ಲ. ಮೇಲೆ ಅರ್ಧ ಅಡಿ, ಕೆಳಗೆ ಅರ್ಧ ಅಡಿ ಕಳೆದರೆ ಬಳಸಲು ಉಳಿಯುವುದು 3,400 ಲೀಟರ್. ಅದೇ ಸಂಪಿನಿಂದ ಕೆಳಗಿನ ಓನರ್ ಮನೆಗೂ ಮೇಲಿನ ನಿಮ್ಮ ಮನೆಗೂ ನೀರು ಹೋಗುವುದಾದರೆ ನಿಮ್ಮ ಪಾಲು 1,700 ಲೀಟರ್, ಮೂರು ದಿನಕ್ಕೆ ಸರಿ. ನಾಲ್ಕನೆಯ ದಿನ ಟ್ಯಾಂಕರ್‌ಗೆ ಫೋನು. ಮೂರು ಮನೆಗೆ ಒಂದೇ ಸಂಪಿದ್ದರೆ ಆ ಕಟ್ಟಡವನ್ನು ಬಿಟ್ಟು ಮುಂದೆ ಹೋಗುವುದೇ ಸರಿ, ಬೋರ್‌ವೆಲ್ ಕೂಡ ಇದ್ದರೆ ಮಾತ್ರ ಯೋಚಿಸಿ.

ಸಂಪಿನ ಮುಚ್ಚಳ ನೆಲಮಟ್ಟಕ್ಕಿದೆಯೋ, ಎತ್ತರಿಸಿದ ಕಟ್ಟೆಯ ಮೇಲಿದೆಯೋ ನೋಡಿ. ನೆಲಮಟ್ಟಕ್ಕಿದ್ದರೆ ಮೊದಲ ಜೋರು ಮಳೆಗೆ ಅಂಗಳ ತೊಳೆದ ನೀರೆಲ್ಲ ಒಳಗೆ ಹೋಗುತ್ತದೆ. ಕನಿಷ್ಠ ಅರ್ಧ ಅಡಿ ಕಟ್ಟೆ ಇರಬೇಕು. ಒಳಚರಂಡಿಯ ಚೇಂಬರ್ ಅಥವಾ ಪಿಟ್ ಗುಂಡಿ ಪಕ್ಕದಲ್ಲೇ ಇದ್ದರೆ, ಎರಡರ ನಡುವಿನ ಗೋಡೆಯಲ್ಲಿ ಬಿರುಕಿದ್ದರೆ, ಆ ಮನೆಯ ಮಕ್ಕಳಿಗೆ ವರ್ಷಪೂರ್ತಿ ಹೊಟ್ಟೆನೋವು ತಪ್ಪಿದ್ದಲ್ಲ.

ಆಮೇಲೆ ಮೋಟಾರು. ಅದು ಯಾರ ಮೀಟರಿಗೆ ಸೇರಿದೆ ಎಂದು ಕೇಳುವವರೇ ಕಡಿಮೆ. ಒಂದು ಎಚ್‌ಪಿ ಮೋಟಾರು ಗಂಟೆಗೆ ಮುಕ್ಕಾಲರಿಂದ ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 22ರಿಂದ 30 ಯೂನಿಟ್. ಎರಡು ಮನೆಯ ನೀರು ನಿಮ್ಮ ಮೀಟರಿನಲ್ಲಿ ಏರುತ್ತಿದ್ದರೆ ಅದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕಕ್ಕೆ ನೇರವಾಗಿ ಹೊಡೆತ. ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲೇ ಕಟ್ಟಬೇಕು. ಎರಡು ಕಿಲೋವಾಟ್ ಗೀಸರ್ ದಿನಕ್ಕೊಂದು ಗಂಟೆ ಉರಿದರೆ 60 ಯೂನಿಟ್, ಅದರ ಮೇಲೆ ಫ್ರಿಜ್, ಮಿಕ್ಸಿ, ಟಿವಿ, ಜೊತೆಗೆ ಈ ಮೋಟಾರು. ಮಳೆಗಾಲದಲ್ಲಿ 200ರ ಗೆರೆ ಬಹಳ ಹತ್ತಿರ ಬರುತ್ತದೆ.

ಬೋರ್‌ವೆಲ್ ನೀರು ಮಾತ್ರ ಇರುವ ಮನೆಗಳೂ ಇವೆ, ಊರಂಚಿನ ಹೊಸ ಲೇಔಟ್‌ಗಳಲ್ಲಿ ಹೆಚ್ಚು. ಬಚ್ಚಲ ನಲ್ಲಿಯ ಬುಡದಲ್ಲಿ, ಗೀಸರ್ ಪೈಪಿನ ತುದಿಯಲ್ಲಿ ಬಿಳಿ ಗಟ್ಟಿ ಕಟ್ಟಿದ್ದರೆ ಗಡಸು ನೀರು ಎಂದು ಕಣ್ಣಿಗೇ ಗೊತ್ತಾಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಯ ವಸ್ತು, ಜೇಬಿನಲ್ಲಿಟ್ಟುಕೊಂಡು ಹೋಗಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಾಗ 2,000ದವರೆಗೆ. ಹೇಮಾವತಿ ನೀರು ಬರುವ ಮನೆಗೆ ಆರ್‌ಒ ಯಂತ್ರ ಬೇಕಿಲ್ಲ, ಸಾಧಾರಣ ಯುವಿ ಫಿಲ್ಟರ್ ಸಾಕು. ಬೋರ್ ನೀರು 500 ದಾಟಿದ್ದರೆ ಆರ್‌ಒ ಖರ್ಚನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ಪಾಳಿ ಎಷ್ಟು ದಿನಕ್ಕೊಮ್ಮೆ ಎಂದು ಓನರ್ ಹತ್ತಿರ ಕೇಳಿದರೆ "ನೀರಿಗೇನೂ ತೊಂದರೆ ಇಲ್ಲ" ಎಂಬ ಉತ್ತರ ಬರುತ್ತದೆ. ಕೇಳಬೇಕಾದ್ದು ಆ ಬೀದಿಗೆ ನೀರು ಬಿಡುವ ನೀರುಗಂಟಿಯನ್ನು, ಇಲ್ಲವೇ ಎರಡು ಮನೆ ಆಚೆ ಇರುವ ಇನ್ನೊಬ್ಬ ಬಾಡಿಗೆದಾರರನ್ನು. "ಅಕ್ಕಾ, ಬೇಸಿಗೆಯಲ್ಲಿ ಎಷ್ಟು ದಿನಕ್ಕೆ ಬಿಡ್ತಾರೆ, ಎಷ್ಟು ಹೊತ್ತು ಬಿಡ್ತಾರೆ?" ಅಂತ ಕೇಳಿದರೆ ನಿಜ ಹೊರಬರುತ್ತದೆ. ಏರಿನಲ್ಲಿರುವ ಮನೆಗಳಿಗೆ ಪ್ರೆಷರ್ ಕಡಿಮೆ, ಸರದಿಯ ಕೊನೆಯಲ್ಲಿ ತಲುಪುತ್ತದೆ. ಒಂದೇ ಬೀದಿಯ ಈ ತುದಿಗೂ ಆ ತುದಿಗೂ ವ್ಯತ್ಯಾಸವಿರುತ್ತದೆ.

ಶೀತ

ಹಾಸನ ಸಮುದ್ರ ಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಮಲೆನಾಡು ಮುಗಿದು ಬಯಲು ಶುರುವಾಗುವ ಗಡಿ. ಸಕಲೇಶಪುರದಷ್ಟು ಮಳೆ ಇಲ್ಲಿಲ್ಲ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯ ಜೊತೆ ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿಯುತ್ತದೆ. ಬಿರುಸು ಮಳೆಗಿಂತ ಈ ಜಿಟಿಮಳೆಯೇ ಮನೆಗೆ ಕೆಟ್ಟದ್ದು, ಗೋಡೆ ಒಣಗಲು ಪುರಸೊತ್ತೇ ಸಿಗುವುದಿಲ್ಲ. ಗಾಳಿ ಮಳೆಯನ್ನು ಪಶ್ಚಿಮ ಮತ್ತು ನೈಋತ್ಯದ ಗೋಡೆಗೆ ತಂದು ಬಡಿಯುತ್ತದೆ. ಆ ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದಾಗಿ, ಕಿಟಕಿಗಳ ಮೇಲೆ ಅಗಲ ಸಜ್ಜಾ ಇದ್ದರೆ ತಡೆಯುತ್ತದೆ. ಬಾಡಿಗೆಗೆಂದೇ ಕಟ್ಟಿದ ಮನೆಗಳಲ್ಲಿ ಜಾಗ ಉಳಿಸಲು ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸಿ, ಪಕ್ಕದ ಸೈಟು ಖಾಲಿ ಎಂದು ಆ ಕಡೆಗೆ ಪ್ಲಾಸ್ಟರಿಂಗನ್ನೂ ಮಾಡದೆ ಬಿಟ್ಟಿರುತ್ತಾರೆ. ಅಂಥ ಗೋಡೆ ಸ್ಪಂಜಿನ ಹಾಗೆ. ಮನೆ ಹೊರಗಿನಿಂದ ಒಂದು ಸುತ್ತು ಹಾಕದೆ ಅಡ್ವಾನ್ಸ್ ಕೊಡಬೇಡಿ.

ಹೆಚ್ಚಿನವರು ಮನೆ ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಎಲ್ಲ ಮನೆಯೂ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಒಣ ದಿನದಲ್ಲೂ ಶೀತದ ಗುರುತು ಸಿಗುವ ಜಾಗಗಳು ಬೇರೆ. ಪಶ್ಚಿಮದ ಗೋಡೆಗೆ ಹೊಂದಿಸಿರುವ ವಾರ್ಡ್‌ರೋಬ್ ತೆರೆದು ಹಿಂಬದಿಯ ಹಲಗೆ ಮುಟ್ಟಿ ನೋಡಿ, ತಲೆ ಒಳಗೆ ಹಾಕಿ ಮೂಸಿ. ಮುಗ್ಗಲು ವಾಸನೆ ಬೇಸಿಗೆಯಲ್ಲೂ ಹೋಗುವುದಿಲ್ಲ. ಗೋಡೆಯ ಕೆಳಗಿನ ಎರಡು ಅಡಿ ಮಾತ್ರ ಹೊಸ ಬಣ್ಣವಿದ್ದರೆ ಅದರ ಅಡಿಯಲ್ಲಿ ಉಪ್ಪು ಎದ್ದಿದೆ ಎಂದೇ ತಿಳಿಯಿರಿ. ನಾಣ್ಯದಿಂದ ತಟ್ಟಿ, ಟೊಳ್ಳು ಶಬ್ದ ಬಂದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ. ಸ್ವಿಚ್‌ಬೋರ್ಡಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಗೋಡೆಯೊಳಗೆ ನೀರಿದೆ, ಮತ್ತು ಅದು ಶೀತಕ್ಕಿಂತ ದೊಡ್ಡ ಅಪಾಯ; ಕರೆಂಟು ಗೋಡೆಗೆ ಹರಿಯಬಹುದು. ಬಚ್ಚಲ ಬಾಗಿಲಿನ ಚೌಕಟ್ಟಿನ ಬುಡ ಉಬ್ಬಿದೆಯೇ, ಛಾವಣಿಯಲ್ಲಿ ಚಹಾ ಚೆಲ್ಲಿದಂಥ ಕಂದು ಉಂಗುರಗಳಿವೆಯೇ ನೋಡಿ.

ಯಾವ ಮಹಡಿ? ಕೆಳಮನೆಗೆ ನೆಲದಿಂದ ತೇವ ಏರುತ್ತದೆ, ಕೊನೆಯ ಮಹಡಿಗೆ ತಾರಸಿಯಿಂದ ಇಳಿಯುತ್ತದೆ. ಮೂರು ಮಹಡಿಯ ಕಟ್ಟಡದಲ್ಲಿ ನಡುವಿನ ಮನೆ ಎಲ್ಲದಕ್ಕಿಂತ ಬೆಚ್ಚಗೆ, ಒಣಗಿ ಇರುತ್ತದೆ. ಕೊನೆಯ ಮಹಡಿಯೇ ಸಿಕ್ಕಿದರೆ ತಾರಸಿಗೆ ತಗಡಿನ ಶೀಟು ಹೊದೆಸಿದ್ದಾರೆಯೇ ಎಂಬುದು ಮುಖ್ಯ. ಶೀಟಿನ ಮೇಲೆ ಮಳೆಯ ಸದ್ದು ಜೋರು, ಮೊದಲ ವಾರ ನಿದ್ದೆ ಕೆಡಬಹುದು. ಆದರೂ ಶೀಟು ಇರುವ ಮನೆಯನ್ನೇ ಆರಿಸಿ. ತಾರಸಿ ಸೋರುವುದಿಲ್ಲ, ಮತ್ತು ಜುಲೈ ತಿಂಗಳಲ್ಲಿ ಬಟ್ಟೆ ಒಣಹಾಕಲು ಅದೊಂದೇ ಜಾಗ. ಕೈಗೂಸು ಇರುವ ಮನೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಸೋಲಾರ್ ವಾಟರ್ ಹೀಟರ್ ಇದೆ ಎಂದು ಬಾಡಿಗೆ ಸಾವಿರ ಹೆಚ್ಚು ಹೇಳುತ್ತಾರೆ. ಬೇಸಿಗೆ, ಚಳಿಗಾಲಕ್ಕೆ ಅದು ಕೊಡುವ ಹಣಕ್ಕೆ ಸರಿ. ಮೋಡ ಕವಿದ ಮಳೆಗಾಲದಲ್ಲಿ ನೀರು ಉಗುರುಬೆಚ್ಚಗೂ ಆಗದ ದಿನಗಳಿವೆ, ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಸೋಲಾರ್ ಜೊತೆಗೆ ಗೀಸರ್ ಪಾಯಿಂಟ್, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಲೇಬೇಕು. ಹಿಂದಿನ ಬಾಗಿಲಲ್ಲಿ ಹಂಡೆ ಒಲೆ ಹಾಕಲು ಜಾಗವಿರುವ ಹಳೆಯ ಮನೆ ಸಿಕ್ಕರೆ ಅದನ್ನು ಕೊರತೆ ಎನ್ನಬೇಡಿ.

ರಸ್ತೆಗಳು

ಈಗ ಏರಿಯಾ ಮಾತು. ಹಾಸನದಲ್ಲಿ ಏರಿಯಾಕ್ಕಿಂತ ರಸ್ತೆ ಹಿಡಿದು ಯೋಚಿಸುವುದು ಒಳ್ಳೆಯದು. ಊರಿನ ದೊಡ್ಡ ಸಂಸ್ಥೆಗಳು ಒಂದೊಂದು ರಸ್ತೆಗೆ ಅಂಟಿಕೊಂಡಿವೆ.

ಸಾಲಗಾಮೆ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ವಿದ್ಯಾನಗರದಲ್ಲಿ ಪಶುವೈದ್ಯಕೀಯ ಕಾಲೇಜು. ಓದಿನ ವಾತಾವರಣ ಬೇಕೆನ್ನುವ ಸಂಸಾರಗಳು ಮೊದಲು ನೋಡುವುದು ಈ ಕಡೆಯನ್ನೇ, ನಮ್ಮ ಮೊದಲ ಆಯ್ಕೆಯೂ ಇದೇ. ಒಂದು ಕೊರತೆ ಉಂಟು. ವಿದ್ಯಾರ್ಥಿಗಳಿಗೆ ತಲೆಗಿಷ್ಟು ಎಂದು ಕೊಟ್ಟರೆ ಓನರ್‌ಗೆ ಹೆಚ್ಚು ಗಿಟ್ಟುತ್ತದೆ, ಹಾಗಾಗಿ ಕಾಲೇಜಿನ ಹತ್ತಿರದ ಮನೆಗಳು ಪಿಜಿಗಳಾಗುತ್ತವೆ. ನೀವು ನೋಡುವ ಕಟ್ಟಡದಲ್ಲಿ ಉಳಿದ ಮನೆಗಳಲ್ಲಿ ಯಾರಿದ್ದಾರೆ ಎಂದು ಕೇಳಿ. ಆರು ಹುಡುಗರಿರುವ ಮನೆ ಮೇಲಿದ್ದರೆ ಸಂಪಿನ ಲೆಕ್ಕವನ್ನೂ ಆರು ಜನಕ್ಕೆ ಹಾಕಬೇಕು.

ಕೆ.ಆರ್. ಪುರಂನಲ್ಲಿ ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಇವೆ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದರೆ, ಡಯಾಲಿಸಿಸ್, ಶುಗರ್ ತಪಾಸಣೆ ಎಂದು ಪದೇ ಪದೇ ಓಡಾಡುವವರಿದ್ದರೆ ಈ ಕಡೆಗೇ ಮನೆ ಹಿಡಿಯಿರಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಹೃದಯದ ದೊಡ್ಡ ಚಿಕಿತ್ಸೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಜಯದೇವಕ್ಕೋ 185 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗುವವರು ಇಂದಿಗೂ ಬಹಳ. ಅಂಥ ರೋಗಿ ಮನೆಯಲ್ಲಿದ್ದರೆ ಆಂಬುಲೆನ್ಸ್ ಬಾಗಿಲವರೆಗೆ ಬರುವ ಬೀದಿಯೇ ಬೇಕು. ಎರಡು ಕಡೆ ಕಾರು ನಿಲ್ಲಿಸಿದ ಮೇಲೂ ದಾರಿ ಉಳಿಯುತ್ತದೆಯೇ ಎಂದು ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿ. ಹಗಲು ನೋಡಿದರೆ ಗೊತ್ತಾಗದು.

ಹಾಸನಾಂಬ ದೇವಸ್ಥಾನದ ಸುತ್ತಲಿನ ಹಳೆಯ ಊರು ನಡೆದಾಡುವವರಿಗೆ ಅನುಕೂಲ. ಕಟ್ಟಿನಕೆರೆ ಮಾರುಕಟ್ಟೆ, ಅಂಗಡಿ ಬೀದಿ ಎಲ್ಲ ಕಾಲಳತೆಯಲ್ಲಿ. ಆದರೆ ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವವರೆಗೆ ಅಲ್ಲಿ ಬ್ಯಾರಿಕೇಡ್, ಸರತಿ ಸಾಲು, ಜನಸಾಗರ. ವರ್ಷದಲ್ಲಿ ಆ ಕೆಲವು ದಿನ ಕಾರನ್ನು ಬೇರೆ ಕಡೆ ನಿಲ್ಲಿಸಲು ಸಿದ್ಧರಿದ್ದರೆ ತೊಂದರೆ ಏನಿಲ್ಲ. ತಾಯಿಯ ಸನ್ನಿಧಿ ಪಕ್ಕದಲ್ಲಿರುವುದೇ ಭಾಗ್ಯ ಎನ್ನುವವರಿಗೆ ಅದು ತೊಂದರೆಯೇ ಅಲ್ಲ.

ಬಿ.ಎಂ. ರಸ್ತೆ ಊರಿನ ಬೆನ್ನೆಲುಬು. ಹೊಸ ಬಸ್‌ ನಿಲ್ದಾಣ, ರೈಲು ನಿಲ್ದಾಣ, ಡೈರಿ ವೃತ್ತದ ಕಡೆಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಗಂಡ ಹೆಂಡಿರಲ್ಲಿ ಒಬ್ಬರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಸಂಸಾರಗಳು ಈಗ ಬಹಳ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಮಾರ್ಗ ಆದ ಮೇಲೆ ಇದು ಸಾಧ್ಯವಾಗಿದೆ. ಅಂಥವರು ಈ ರಸ್ತೆಗೆ ಹತ್ತಿರ ಇರಲಿ. ಬೆಳಗಿನ ಜಾವ ಆಟೋ ಹುಡುಕುವ ಪಾಡು ತಪ್ಪುತ್ತದೆ. ಆದರೆ ರಸ್ತೆಗೆ ಅಂಟಿದ ಮನೆ ಬೇಡ, ಎರಡು ಬೀದಿ ಒಳಗಿರಲಿ. ಲಾರಿ ಬಸ್ಸಿನ ಹಾರನ್ನು ಮತ್ತು ಧೂಳು ಕಿಟಕಿ ತೆಗೆಯಲು ಬಿಡುವುದಿಲ್ಲ. ಗೊರೂರು ರಸ್ತೆಯ ಜವಳಿ ಕಾರ್ಖಾನೆಗಳಿಗೆ ಶಿಫ್ಟಿನಲ್ಲಿ ಹೋಗುವವರು ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿಕೊಂಡು ಅದರ ಹತ್ತಿರ ಮನೆ ನೋಡಲಿ.

ಅರಸೀಕೆರೆ ರಸ್ತೆ, ಬೇಲೂರು ರಸ್ತೆ, ಬೈಪಾಸ್ ಆಸುಪಾಸಿನ ಹೊಸ ಲೇಔಟ್‌ಗಳಲ್ಲಿ ಮನೆಗಳು ಹೊಸವು, ಗಾಳಿ ಬೆಳಕು ಚೆನ್ನ, ಬಾಡಿಗೆ ಕಡಿಮೆ. ಒಂದೇ ಪರೀಕ್ಷೆ ಇಲ್ಲಿ ಮುಖ್ಯ: ಲೇಔಟ್ ನಗರಾಡಳಿತಕ್ಕೆ ಹಸ್ತಾಂತರವಾಗಿದೆಯೇ? ಆಗಿಲ್ಲದಿದ್ದರೆ ಹೇಮಾವತಿ ನೀರಿಲ್ಲ, ಬೀದಿದೀಪ ಕೆಟ್ಟರೆ ಕೇಳುವವರಿಲ್ಲ, ಕಸದ ಗಾಡಿ ಬರುವುದಿಲ್ಲ, ಒಳಚರಂಡಿ ಬದಲು ಪಿಟ್ ಗುಂಡಿ. ಇದನ್ನು ತಿಳಿಯಲು ಸುಲಭ ದಾರಿ ಓನರ್ ಹತ್ತಿರ ನಗರಾಡಳಿತದ ನೀರಿನ ಬಿಲ್ಲು ಒಂದನ್ನು ಕೇಳುವುದು. ಬಿಲ್ಲು ಇದ್ದರೆ ನಲ್ಲಿ ಇದೆ. "ಅಪ್ಲಿಕೇಶನ್ ಹಾಕಿದೀವಿ, ಮುಂದಿನ ತಿಂಗಳು ಬರುತ್ತೆ" ಎಂದರೆ ಆ ಮುಂದಿನ ತಿಂಗಳು ನಿಮ್ಮ ಕರಾರಿನ ಹನ್ನೊಂದು ತಿಂಗಳಲ್ಲಿ ಬರಲಾರದು.

ಇನ್ನೊಂದು ಮಾತು. ನಮ್ಮ ಊರುಕೇರಿಗಳ ಹೆಸರೇ ಅರ್ಧ ಕಥೆ ಹೇಳುತ್ತವೆ. ಹುಣಸಿನಕೆರೆ, ರಂಗೋಲಿಹಳ್ಳ, ತಣ್ಣೀರುಹಳ್ಳ. ಹೆಸರಿನಲ್ಲಿ ಕೆರೆ, ಹಳ್ಳ, ಕಟ್ಟೆ ಇರುವ ಕಡೆ ಒಳ್ಳೆಯ ಮನೆಗಳು ಬೇಕಾದಷ್ಟಿವೆ, ಬಿಟ್ಟುಬಿಡಿ ಎನ್ನುತ್ತಿಲ್ಲ. ಸೈಟು ರಸ್ತೆಗಿಂತ ತಗ್ಗಿನಲ್ಲಿದೆಯೇ, ಎದುರಿನ ಮನೆಗಳಿಗೆ ಬಾಗಿಲ ಮುಂದೆ ಎತ್ತರದ ಹೊಸಿಲು ಕಟ್ಟಿದ್ದಾರೆಯೇ ಎಂದು ನೋಡಿ. ಒಂದು ಬೀದಿಯ ಎಲ್ಲರೂ ಗೇಟಿನಡಿ ಸಿಮೆಂಟು ದಿಂಡು ಹಾಕಿಕೊಂಡಿದ್ದರೆ ಅಲ್ಲಿ ಮಳೆನೀರು ಒಳಗೆ ಬಂದದ್ದುಂಟು.

ಶಾಲೆಗೆ ಹೋಗುವ ಮಕ್ಕಳಿದ್ದರೆ ಶಾಲೆ ಮೊದಲು ಗಟ್ಟಿಯಾಗಲಿ, ಮನೆ ಆಮೇಲೆ. ಶಾಲೆಯ ಆಫೀಸಿನಲ್ಲಿ "ವ್ಯಾನ್ ಎಲ್ಲ ಕಡೆ ಹೋಗುತ್ತೆ" ಎನ್ನುತ್ತಾರೆ. ಕೇಳಬೇಕಾದ್ದು ವ್ಯಾನ್ ಓಡಿಸುವ ಅಣ್ಣನನ್ನು. ಅವರ ರೂಟಿನ ಮೊದಲ ಮಗು ನಿಮ್ಮದಾದರೆ ಎರಡು ಕಿಲೋಮೀಟರ್ ದೂರಕ್ಕೂ ಮಗು ಮುಕ್ಕಾಲು ಗಂಟೆ ಮೊದಲೇ ಹೊರಡಬೇಕು. ಸಣ್ಣ ಮಕ್ಕಳು ಬಿ.ಎಂ. ರಸ್ತೆ ದಾಟಿ ನಡೆದು ಹೋಗುವ ಹಾಗಾಗಬಾರದು. ಒಂದನೇ ತರಗತಿಗೆ ಸೇರಿಸುವುದಾದರೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ನೆನಪಿರಲಿ. ಹಳೆಯ ಶಾಲೆಯಿಂದ ಟಿಸಿ ಜೊತೆಗೆ ಸರ್ಕಾರಿ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಯನ್ನೂ ಬರೆಸಿಕೊಂಡು ಬನ್ನಿ.

ಹುಡುಕುವ ದಾರಿ

ಮೊಬೈಲ್ ಆ್ಯಪ್‌ಗಳು ಹಾಸನಕ್ಕೆ ಅಷ್ಟಾಗಿ ಒಗ್ಗಿಲ್ಲ. ಫೋಟೋ ಹಳೆಯದು, ಫೋನ್ ಮಾಡಿದರೆ ಬ್ರೋಕರ್. ಬಾಡಿಗೆಯ ಅಂದಾಜು ತಿಳಿಯಲು ನೋಡಿ, ಅಷ್ಟೇ ಸಾಕು. ಬ್ರೋಕರ್‌ಗಳು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಒಂದೇ ದಿನದಲ್ಲಿ ಏಳೆಂಟು ಮನೆ ತೋರಿಸಿದರೆ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಕರಾರಿಗೆ ಸಹಿ ಬಿದ್ದ ಮೇಲೆ ಮಾತ್ರ ಕೊಡಿ. ಮನೆ ತೋರಿಸುವುದಕ್ಕೇ ಮುಂಗಡ ಕೇಳಿದರೆ ಅಲ್ಲಿಂದಲೇ ತಿರುಗಿ ಬನ್ನಿ. ಎಲ್ಲಕ್ಕಿಂತ ಒಳ್ಳೆಯದು ಹಳೆಯ ದಾರಿಯೇ: ಬೇಕಾದ ರಸ್ತೆ ಆರಿಸಿಕೊಂಡು, ಭಾನುವಾರ ಬೆಳಗ್ಗೆ ಬೀದಿ ಬೀದಿ ನಡೆದು "ಮನೆ ಬಾಡಿಗೆಗೆ ಇದೆ" ಬೋರ್ಡುಗಳ ನಂಬರ್ ಬರೆದುಕೊಳ್ಳುವುದು, ದಿನಸಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ ಕೇಳುವುದು. ಒಳ್ಳೆಯ ಮನೆಗಳು ಹಲವು ಬಾರಿ ಬೋರ್ಡ್ ನೇತುಹಾಕುವ ಮೊದಲೇ ಬಾಯಿಮಾತಿನಲ್ಲಿ ಹೋಗಿಬಿಡುತ್ತವೆ. ಸಕಲೇಶಪುರ, ಆಲೂರು ಕಡೆಯ ತೋಟದವರೂ ಮಕ್ಕಳ ಓದಿಗೆಂದು ಹಾಸನದಲ್ಲಿ ಮನೆ ಮಾಡುತ್ತಾರೆ, ಹಾಗಾಗಿ ಮೇ ತಿಂಗಳಲ್ಲಿ ಪೈಪೋಟಿ ಜಾಸ್ತಿ. ಮಾರ್ಚ್ ಕೊನೆಗೆ ಬಂದು ನೋಡಿದವರಿಗೆ ಆಯ್ಕೆ ಹೆಚ್ಚು.

ಕೆಲವು ಓನರ್‌ಗಳು ಫೋನಿನಲ್ಲೇ "ಯಾವ ಜನ?" "ವೆಜ್ಜಾ?" ಎಂದು ಕೇಳುತ್ತಾರೆ. ಮನೆ ಹುಡುಕುವವರ ಮನಸ್ಸಿಗೆ ನೋವು ಮಾಡುವ ಪ್ರಶ್ನೆ ಇದು, ಸರಿಯೂ ಅಲ್ಲ. ಆದರೂ ಅಡುಗೆಯ ವಿಷಯವನ್ನು ಮೊದಲೇ ಬಿಚ್ಚಿ ಹೇಳಿಬಿಡುವುದು ಮೇಲು. ಮುಚ್ಚಿಟ್ಟು ಸೇರಿದ ಮನೆಯಲ್ಲಿ ಹೆದರಿ ಹೆದರಿ ಒಗ್ಗರಣೆ ಹಾಕುತ್ತ ಸಂಸಾರ ಮಾಡಲಾಗದು. ಒಬ್ಬರು ಇಲ್ಲವೆಂದರೆ ಮುಂದಿನ ಬೀದಿಯಲ್ಲಿ ಬನ್ನಿ ಎನ್ನುವವರಿದ್ದಾರೆ.

ಕರಾರು ಮತ್ತು ಭೋಗ್ಯ

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಬರೆಯುವುದು ವಾಡಿಕೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುವುದೇ ಅದಕ್ಕೆ ಕಾರಣ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗೆ ಕಣ್ಣುಮುಚ್ಚಿ ಸಹಿ ಮಾಡಬೇಡಿ. ಮೋಟಾರು ಕೆಟ್ಟರೆ ಖರ್ಚು ಯಾರದ್ದು, ಚೇಂಬರ್ ಕಟ್ಟಿಕೊಂಡರೆ ಯಾರದ್ದು, ಟ್ಯಾಂಕರ್ ತರಿಸಿದರೆ ಹೇಗೆ ಹಂಚಿಕೆ, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು ಎಂಬ ಐದು ಸಾಲು ಸೇರಿಸಿ. ಶೀತದಿಂದ ಬಣ್ಣ ಎದ್ದರೆ ಅದು ಬಾಡಿಗೆದಾರರ ತಪ್ಪಲ್ಲ ಎಂಬುದೂ ಬರವಣಿಗೆಯಲ್ಲಿರಲಿ. ಬಿಡುವ ದಿನ ಜಗಳ ಆಗುವುದು ಇದರ ಮೇಲೆಯೇ. ಸೇರುವ ದಿನ ಪ್ರತಿ ಗೋಡೆ, ನಲ್ಲಿ, ಬಾಗಿಲಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ.

ಭೋಗ್ಯದ ಮನೆಗಳೂ ಸಿಗುತ್ತವೆ, ಲೆಕ್ಕ ನೋಡಿದರೆ ಆಸೆ ಹುಟ್ಟುತ್ತದೆ. ಎಂಟು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು ಅಂತಿಟ್ಟುಕೊಳ್ಳಿ. ಆ ಹಣಕ್ಕೆ ಬ್ಯಾಂಕಿನಲ್ಲಿ ಶೇ. 7 ಬಡ್ಡಿ ಎಂದರೆ ವರ್ಷಕ್ಕೆ 56,000, ತಿಂಗಳಿಗೆ ಸುಮಾರು 4,670. ಅದೇ ಮನೆಯ ಬಾಡಿಗೆ 9,000 ಇದ್ದರೆ ಭೋಗ್ಯ ಲಾಭವೇ. ಆದರೆ ಅಪಾಯ ಅಸಲಿನಲ್ಲಿದೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ನಿಂತರೆ ಬ್ಯಾಂಕು ಮನೆಗೆ ಬೀಗ ಹಾಕುತ್ತದೆ, ನಿಮ್ಮ ಎಂಟು ಲಕ್ಷ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ಖಾತೆ ಯಾರ ಹೆಸರಿನಲ್ಲಿದೆ ನೋಡಿ. ತಂದೆಯ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲಿ. ನೋಂದಣಿ ಬೇಡ, ಛಾಪಾ ಕಾಗದ ಸಾಕು ಎನ್ನುವ ಓನರ್ ಎಷ್ಟೇ ಒಳ್ಳೆಯವರಾಗಿ ಕಂಡರೂ ಆ ವ್ಯವಹಾರ ಬೇಡ. ಇನ್ನೊಂದು ಸಂಗತಿ: ಅವಧಿ ಮುಗಿದಾಗ ನಿಮ್ಮ ಹಣ ಬರುವುದು ಸಾಮಾನ್ಯವಾಗಿ ಮುಂದಿನ ಭೋಗ್ಯದವರಿಂದ. ಅವರು ಸಿಗುವುದು ತಡವಾದರೆ ನೀವು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಊರಿಗೆ ಹೊಸಬರಾದವರು ಮೊದಲ ವರ್ಷ ಭೋಗ್ಯದ ತಂಟೆಗೆ ಹೋಗದೆ ಬಾಡಿಗೆಗೇ ಇರುವುದು ಕ್ಷೇಮ.

ಸಾಮಾನು ಹೊರಡುವ ಮೊದಲು

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಿಕೊಂಡು ಬರಬೇಡಿ. ಬೇರೆ ಊರಿಗೆ ಹೋಗುವಾಗ ಹಳೆಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸು ಪಡೆದು, ವರ್ಗಾವಣೆ ವೋಚರ್ ತೆಗೆದುಕೊಳ್ಳಬೇಕು. ಹಾಸನದ ಏಜೆನ್ಸಿಯಲ್ಲಿ ಅದನ್ನು ಕೊಟ್ಟು ಈಗಿನ ದರದ ಠೇವಣಿ ಕಟ್ಟಿದರೆ ಹೊಸ ಸಿಲಿಂಡರ್ ಸಿಗುತ್ತದೆ. ಸ್ಟವ್ ಮತ್ತು ಗ್ಯಾಸ್ ಪುಸ್ತಕ ನಿಮ್ಮ ಹತ್ತಿರವೇ ಇರಲಿ.

ಗೃಹಜ್ಯೋತಿಯಲ್ಲಿ ಹಳೆಯ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿದ ಮೇಲೆಯೇ ಹೊಸ ಮನೆಗೆ ನೋಂದಾಯಿಸಲು ಆಗುವುದು. ಹಾಗೆಯೇ ನಿಮಗಿಂತ ಮೊದಲು ಇದ್ದವರೂ ಡಿ-ಲಿಂಕ್ ಮಾಡಿರಬೇಕು. ಅವರು ಊರು ಬಿಟ್ಟು ಹೋದ ಮೇಲೆ ಬೆನ್ನುಹತ್ತುವುದು ಕಷ್ಟ, ಕೀಲಿ ಕೈಗೆ ಬರುವ ಮೊದಲೇ ಓನರ್ ಮೂಲಕ ಮಾಡಿಸಿ. ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ಲಿನ ಕೊನೆಯ ಮೂರು ತಿಂಗಳ ಪ್ರತಿ ಕೇಳಿ ಪಡೆಯಿರಿ. ಬಾಕಿ ಇದ್ದರೆ ಅದು ಮೀಟರಿಗೆ ಅಂಟಿರುತ್ತದೆ, ಫ್ಯೂಸ್ ಕೀಳಲು ಬಂದವರು ಬಾಗಿಲು ತಟ್ಟುವುದು ಒಳಗಿರುವವರದ್ದೇ.

ಎರಡು ಬೆಡ್‌ರೂಮಿನ ಮನೆ ಸಾಮಾನು 14 ಅಡಿಯ ಲಾರಿಯಲ್ಲಿ ಸಾಮಾನ್ಯವಾಗಿ ಹಿಡಿಯುತ್ತದೆ. ಆ ಲಾರಿ ಬಾಗಿಲವರೆಗೆ ಬರುತ್ತದೆಯೇ, ಬೀದಿಗೆ ಅಡ್ಡ ಇಳಿಬಿದ್ದ ಕೇಬಲ್‌ಗಳಿವೆಯೇ, ಮೆಟ್ಟಿಲಿನ ತಿರುವಿನಲ್ಲಿ ಫ್ರಿಜ್ ಮತ್ತು ಬೀರು ಏರುತ್ತವೆಯೇ ಎಂದು ಮನೆ ನೋಡಲು ಬಂದ ದಿನವೇ ಟೇಪು ಹಿಡಿದು ನೋಡಿಕೊಳ್ಳಿ. ಸಂಪು ಅಳೆದ ಟೇಪು ಹೇಗೂ ಕೈಯಲ್ಲೇ ಇರುತ್ತದೆ. ಜೂನ್ ಮೊದಲ ವಾರಕ್ಕೆ ಮೊದಲೇ ಸಾಗಿಸಿ. ಮಳೆ ಹಿಡಿದ ಮೇಲೆ ಹಾಸಿಗೆ ಒಮ್ಮೆ ನೆನೆದರೆ ಒಣಗುವುದು ಸೆಪ್ಟೆಂಬರ್‌ಗೇ.